ಬ್ರೂ ನ ಬೋನ್ಯ: ಒಳಗಿನ ಟಿಕೆಟ್ ಸಿಕ್ಕರೆ ಇಡೀ ದಿನ ಎತ್ತಿಡಿ

ಐರ್ಲೆಂಡಿನ ಮೀದ್ ಕೌಂಟಿಯಲ್ಲಿ ಬಾಯ್ನ್ ನದಿ ಒಂದು ಕಡೆ ದೊಡ್ಡದಾಗಿ ಬಳಸಿಕೊಂಡು ಹರಿಯುತ್ತದೆ. ಆ ಬಳಸಿನೊಳಗಿನ ಎತ್ತರದ ನೆಲದಲ್ಲಿ ಮೂರು ದೊಡ್ಡ ಸಮಾಧಿ ದಿಬ್ಬಗಳಿವೆ: ನ್ಯೂಗ್ರೇಂಜ್, ನೌತ್, ಡೌತ್. ಕ್ರಿ.ಪೂ. 3200ರ ಆಸುಪಾಸಿನಲ್ಲಿ, ಲೋಹವನ್ನೇ ಕಾಣದ ರೈತರು ಕಟ್ಟಿದವು. ಗೀಜಾದ ಪಿರಮಿಡ್ಡುಗಳು ಇವುಗಳ ಮುಂದೆ ಕಿರಿಯವು. ಈ ಪ್ರದೇಶಕ್ಕೆಲ್ಲ ಸೇರಿ ಬ್ರೂ ನ ಬೋನ್ಯ ಎಂದು ಹೆಸರು. 1993ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ನದಿಗೆ ಹೆಸರು ಕೊಟ್ಟವಳು ಬೋಅನ್ ಎಂಬ ದೇವತೆ, ಹೆಸರಿನ ಅರ್ಥ ‘ಬಿಳಿ ಹಸು’. ಐರಿಷ್‌ನ ‘ಬೋ’, ಸಂಸ್ಕೃತದ ‘ಗೋ’ ಎರಡೂ ಒಂದೇ ಬೇರಿನಿಂದ ಬಂದ ಮಾತುಗಳು.

ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿರುವುದು ಐರ್ಲೆಂಡ್ ಸರ್ಕಾರದ ಲೋಕೋಪಯೋಗಿ ಕಚೇರಿ ನಡೆಸುವ ಮಾರ್ಗದರ್ಶಿ ಪ್ರವಾಸವನ್ನು. ಜೊತೆಗೆ, ಅದೇ ದಿನ ಟಿಕೆಟ್ಟಿಲ್ಲದೆ ನೋಡಬಹುದಾದ ಸುತ್ತಲಿನ ಜಾಗಗಳನ್ನು. ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ನ್ಯೂಗ್ರೇಂಜಿನ ಒಳಕೋಣೆ ಸೇರಿದ ಟಿಕೆಟ್ ಸಿಕ್ಕರೆ ಯುರೋಪಿನಲ್ಲಿ ಇದಕ್ಕೆ ಸಾಟಿಯಾದ ಅನುಭವ ಸಿಗುವುದು ಕಷ್ಟ, ಕಣ್ಣು ಮುಚ್ಚಿಕೊಂಡು ಕೊಳ್ಳಿ. ಒಳಕೋಣೆ ಇಲ್ಲದ ಟಿಕೆಟ್ ಮಾತ್ರ ಇದ್ದರೆ ನೌತ್ ತೆರೆದಿರುವ ತಿಂಗಳುಗಳಲ್ಲಿ ಹೋಗಿ. ಚಳಿಗಾಲದಲ್ಲಿ ನೌತ್ ಮುಚ್ಚಿರುತ್ತದೆ. ಆಗ ಹೊರಗಿನಿಂದಷ್ಟೇ ನೋಡಿ ಬರುವುದಕ್ಕಿಂತ ಆ ಹೊತ್ತನ್ನು ಹತ್ತಿರದ ಪಾಳು ಮಠ ಮೊನಾಸ್ಟರ್‌ಬಾಯ್ಸ್‌ಗೆ ಕೊಡುವುದು ಮೇಲು.

ಟಿಕೆಟ್ಟಿನಲ್ಲಿ ಎಡವುವವರೇ ಹೆಚ್ಚು. ಬುಕಿಂಗ್ ಪುಟದಲ್ಲಿ ಎರಡು ಮೂರು ಬಗೆ ಕಾಣಿಸುತ್ತವೆ. ಒಂದು ಬರೀ ಪ್ರದರ್ಶನಾಲಯದ್ದು. ಇನ್ನೊಂದು ದಿಬ್ಬಗಳನ್ನು ಹೊರಗಿನಿಂದ ತೋರಿಸುವ ಪ್ರವಾಸ. ಮತ್ತೊಂದರ ಹೆಸರಿನಲ್ಲೇ ‘ಚೇಂಬರ್’ ಎಂಬ ಪದ ಸೇರಿರುತ್ತದೆ. ನಿಮಗೆ ಬೇಕಾದದ್ದು ಅದು. ಒಳಗೆ ಹಿಡಿಯುವುದು ಕೆಲವೇ ಜನ ಆದ್ದರಿಂದ ಮೊದಲು ಮುಗಿಯುವುದೂ ಅದೇ. ಬೇಸಿಗೆಗೆ ಹೋಗುವವರು ಒಂದು ತಿಂಗಳು ಮುಂಚಿನಿಂದಲೇ ನೋಡುತ್ತಿರಿ. ಅವತ್ತು ಹೋಗಿ ಕೌಂಟರಿನಲ್ಲಿ ಕೇಳೋಣ ಅಂದುಕೊಂಡರೆ ಹೆಚ್ಚಿನ ಸಲ ಸಿಗುವುದಿಲ್ಲ. ಡಬ್ಲಿನ್‌ನಿಂದ ದಿನದ ಬಸ್ ಪ್ರವಾಸ ಹಿಡಿಯುವವರು ಹಣ ಕಟ್ಟುವ ಮುನ್ನ ಒಂದೇ ಪ್ರಶ್ನೆ ಕೇಳಿ: ‘ನ್ಯೂಗ್ರೇಂಜಿನ ಒಳಗೆ ಕರೆದುಕೊಂಡು ಹೋಗುತ್ತೀರಾ?’ ‘ನ್ಯೂಗ್ರೇಂಜ್ ಭೇಟಿ’ ಎಂದು ಬರೆದಿದ್ದ ಮಾತ್ರಕ್ಕೆ ಒಳಗೆ ಹೋಗುತ್ತೀರಿ ಎಂದಲ್ಲ.

ಎರಡನೇ ತಪ್ಪು ದಾರಿಯದ್ದು. ಮೊಬೈಲಿನಲ್ಲಿ ‘ನ್ಯೂಗ್ರೇಂಜ್’ ಎಂದು ಹಾಕಿದರೆ ಅದು ದಿಬ್ಬದ ಹತ್ತಿರಕ್ಕೇ ಕರೆದೊಯ್ಯಬಹುದು. ಅಲ್ಲಿ ನೇರ ಪ್ರವೇಶ ಇಲ್ಲ. ದಿಬ್ಬಗಳಿರುವುದು ನದಿಯ ಉತ್ತರ ದಡದಲ್ಲಿ, ಸಂದರ್ಶಕರ ಕೇಂದ್ರ ಇರುವುದು ದಕ್ಷಿಣ ದಡದಲ್ಲಿ, ಡೊನೋರ್ ಎಂಬ ಹಳ್ಳಿಯ ಹತ್ತಿರ. ಎಲ್ಲರೂ ಕೇಂದ್ರಕ್ಕೇ ಬಂದು, ಕಾಲುಸೇತುವೆಯಲ್ಲಿ ನದಿ ದಾಟಿ, ಅಲ್ಲಿಂದ ಅವರದೇ ಬಸ್ಸಿನಲ್ಲಿ ಹೋಗಬೇಕು. ತಪ್ಪು ದಡಕ್ಕೆ ಹೋದವರು ಕಾರಿನಲ್ಲಿ ಸುತ್ತಿ ಬರುವಷ್ಟರಲ್ಲಿ ಅವರ ಬಸ್ಸು ಹೊರಟಿರುತ್ತದೆ. ಟಿಕೆಟ್ಟಿನ ಮೇಲಿರುವ ಸಮಯ ಪ್ರವಾಸದ್ದು, ಗೇಟಿನದ್ದಲ್ಲ. ಅರ್ಧ ಗಂಟೆ ಮುಂಚೆ ಕೇಂದ್ರದೊಳಗೆ ಇರಿ. ಡಬ್ಲಿನ್‌ನಿಂದ ಎಂ1 ಹೆದ್ದಾರಿಯಲ್ಲಿ ಸುಮಾರು 50 ಕಿ.ಮೀ. ಕಾರಿಲ್ಲದವರು ರೈಲಿನಲ್ಲಿ ಡ್ರಾಹೆಡಾಗೆ ಬಂದು ಅಲ್ಲಿಂದ ಟ್ಯಾಕ್ಸಿ ಹಿಡಿಯಬಹುದು. ವಾಪಸ್ ಹೋಗುವ ಟ್ಯಾಕ್ಸಿಯನ್ನೂ ಆಗಲೇ ಗೊತ್ತು ಮಾಡಿಕೊಳ್ಳಿ.

ಕೇಂದ್ರದ ಪ್ರದರ್ಶನ 2019ರಲ್ಲಿ ಹೊಸದಾಗಿದೆ. ಮಕ್ಕಳಿಗೆ ಚೆನ್ನಾಗಿ ಹಿಡಿಸುತ್ತದೆ. ಪ್ರವಾಸಕ್ಕೆ ಮುಂಚೆಯೇ ಮುಗಿಸಿ. ಕಲ್ಲನ್ನು ಎಳೆದದ್ದು ಹೇಗೆ, ದಿಬ್ಬ ಹಂತಹಂತವಾಗಿ ಎದ್ದದ್ದು ಹೇಗೆ ಎಂಬುದು ತಲೆಯಲ್ಲಿದ್ದರೆ ಅಲ್ಲಿ ಹೋದಾಗ ಕಣ್ಣು ಸರಿಯಾದ ಕಡೆ ಹೋಗುತ್ತದೆ.

ಈಗ ನ್ಯೂಗ್ರೇಂಜ್. ದಿಬ್ಬದ ಅಡ್ಡಳತೆ ಸುಮಾರು 85 ಮೀಟರ್, ಎತ್ತರ 13 ಮೀಟರ್ ಹತ್ತಿರ, ಬುಡದ ಸುತ್ತ 97 ಸುತ್ತುಗಲ್ಲುಗಳು. ಬಾಗಿಲಿಗೆ ಅಡ್ಡವಾಗಿ ಮಲಗಿಸಿರುವ ಕಲ್ಲಿನ ಮೇಲೆ ಸುರುಳಿಗಳು ಒಂದರೊಳಗೊಂದು ಹರಿದು ಹೋಗುತ್ತವೆ. ಇದರ ಫೋಟೋ ಎಲ್ಲರೂ ತೆಗೆಯುತ್ತಾರೆ. ಕಲ್ಲಿನ ನಡುವೆ ನೆಟ್ಟಗೆ ಇಳಿಯುವ ಒಂದು ಗೀರು ಇದೆ, ಅದನ್ನು ಗಮನಿಸಿ. ದಿಬ್ಬದ ಸರಿಯಾಗಿ ಹಿಂಬದಿಯಲ್ಲಿರುವ 52ನೇ ಸುತ್ತುಗಲ್ಲಿನ ಮೇಲೂ ಅಂಥದೇ ಗೀರು ಇದೆ. ಗುಂಪು ಎರಡಾಗಿ ಒಳಗೆ ಹೋಗುವಾಗ ಹೊರಗೆ ಕಾಯುವ ಹೊತ್ತಿನಲ್ಲಿ ಒಂದು ಸುತ್ತು ಬಂದರೆ ಅದನ್ನು ನೋಡಬಹುದು. ಬಹಳ ಮಂದಿ ಮುಂಭಾಗದಲ್ಲೇ ನಿಂತು ಇದನ್ನು ಕಳೆದುಕೊಳ್ಳುತ್ತಾರೆ. ಕೆತ್ತನೆಯಲ್ಲಿ ಇದು ಬಾಗಿಲಕಲ್ಲಿಗೆ ಏನೇನೂ ಕಡಿಮೆ ಇಲ್ಲ.

ಒಳದಾರಿ 19 ಮೀಟರ್ ಉದ್ದ. ಎರಡು ಬದಿಯ ನಿಲುಗಲ್ಲುಗಳು ಕೆಲವು ಕಡೆ ಒಳಕ್ಕೆ ವಾಲಿರುವುದರಿಂದ ತಲೆ ಬಗ್ಗಿಸಿ, ಭುಜ ಓರೆ ಮಾಡಿಕೊಂಡೇ ಹೋಗಬೇಕು. ಚೀಲ ಒಯ್ಯುವಂತಿಲ್ಲ, ಒಳಗೆ ಫೋಟೋ ಇಲ್ಲ. ಈ ಎರಡು ನಿಯಮಗಳ ಬಗ್ಗೆ ಗೊಣಗುವವರನ್ನು ಒಮ್ಮೆ ಆ ಕಲ್ಲುಗಳ ಮುಂದೆ ನಿಲ್ಲಿಸಬೇಕು: ದಾರಿಯುದ್ದಕ್ಕೂ 18, 19ನೇ ಶತಮಾನದ ಪ್ರವಾಸಿಗರು ತಮ್ಮ ಹೆಸರು ಕೊರೆದು ಹೋಗಿದ್ದಾರೆ, 5,000 ವರ್ಷ ಹಳೆಯ ಕೆತ್ತನೆಯ ಪಕ್ಕದಲ್ಲೇ. ಗಾಲಿಕುರ್ಚಿ ಒಳಗೆ ಹೋಗುವುದಿಲ್ಲ. ಇಕ್ಕಟ್ಟು ಕಂಡರೆ ಉಸಿರು ಕಟ್ಟುವವರು ಮಾರ್ಗದರ್ಶಿಗೆ ಮೊದಲೇ ಹೇಳಿ ಸಾಲಿನ ಕೊನೆಯಲ್ಲಿ ನಿಲ್ಲಿ. ಮುಂದೆ ಹೋದವರು ಕೋಣೆಯ ತುದಿಯಲ್ಲಿರುತ್ತಾರೆ, ಅಲ್ಲಿಂದ ನಡುವೆ ಹೊರಬರುವುದೆಂದರೆ ಎಲ್ಲರನ್ನೂ ಹೊರಡಿಸಬೇಕಾಗುತ್ತದೆ.

ಕೋಣೆ ಶಿಲುಬೆಯಾಕಾರದ್ದು, ಮೂರು ಗೂಡುಗಳಿವೆ. ಬಲಗಡೆಯದಕ್ಕೇ ಹೆಚ್ಚು ಕೆತ್ತನೆ. ಅದರ ಚಾವಣಿಯ ಚಪ್ಪಡಿಯನ್ನು ತಲೆಯೆತ್ತಿ ನೋಡಿ. ಗೂಡುಗಳಲ್ಲಿ ತಗ್ಗಾದ ಕಲ್ಲುಬೋಗುಣಿಗಳಿವೆ. ಸುಟ್ಟ ಮೂಳೆಗಳನ್ನು ಅವುಗಳಲ್ಲಿ ಇಟ್ಟಿದ್ದರೆಂದು ತಿಳಿಯುತ್ತಾರೆ. ಎದುರಿನ ಗೂಡಿನ ಬಲಬದಿಯ ಕಲ್ಲಿನ ಮೇಲೆ ಒಂದಕ್ಕೊಂದು ಕೂಡಿಕೊಂಡ ಮೂರು ಸುರುಳಿ. ಐರ್ಲೆಂಡಿನ ಅಂಗಡಿಗಳಲ್ಲಿ ಪದಕ, ಉಂಗುರ, ಕಪ್ಪುಗಳ ಮೇಲೆಲ್ಲ ಕಾಣುವ ಗುರುತು ಇದೇ. ಅಂಗಡಿಯವರು ಇದನ್ನು ‘ಕೆಲ್ಟಿಕ್’ ಎಂದು ಮಾರುತ್ತಾರೆ, ಆದರೆ ಇದನ್ನು ಕೆತ್ತಿದ ಕಾಲ ಕೆಲ್ಟಿಕ್ ಭಾಷೆಗಳು ಆ ದ್ವೀಪಕ್ಕೆ ಬರುವುದಕ್ಕೆ ಎಷ್ಟೋ ಹಿಂದಿನದು.

ಮೇಲೆ ನೋಡಿ. ಚಾವಣಿ 6 ಮೀಟರ್ ಎತ್ತರದ್ದು. ಗಾರೆ ಇಲ್ಲ. ಪ್ರತಿ ವರಸೆಯ ಚಪ್ಪಡಿಯೂ ಕೆಳಗಿನದಕ್ಕಿಂತ ತುಸು ಒಳಕ್ಕೆ ಚಾಚಿ, ಕೊನೆಗೆ ಒಂದೇ ಕಲ್ಲು ಮುಚ್ಚಳವಾಗುತ್ತದೆ. ಚಪ್ಪಡಿಗಳನ್ನು ಹೊರಕ್ಕೆ ಇಳಿಜಾರಾಗಿ ಕೂರಿಸಿದ್ದಾರೆ. ಒಳದಾರಿಯ ಮೇಲಿನ ಚಪ್ಪಡಿಗಳ ಬೆನ್ನಿಗೆ ನೀರು ಹರಿದು ಹೋಗಲು ಕಾಲುವೆ ಕೊರೆದಿದ್ದಾರೆ, ಸಂದುಗಳಿಗೆ ಸುಟ್ಟ ಮಣ್ಣು, ಸಮುದ್ರದ ಮರಳು ಮೆತ್ತಿದ್ದಾರೆ. ಹೊರಗೆ ಧೋ ಎಂದು ಮಳೆ ಸುರಿಯುತ್ತಿದ್ದರೂ ಒಳಗೆ ನೆಲ ಒಣಗಿಯೇ ಇರುತ್ತದೆ. ಆ ಸಂದಿನ ಸುಟ್ಟ ಮಣ್ಣಿನಿಂದಲೇ ಕಾರ್ಬನ್ ಪರೀಕ್ಷೆ ಮಾಡಿ ಕಟ್ಟಿದ ಕಾಲ ತಿಳಿದದ್ದು.

ಆಮೇಲೆ ದೀಪ ಆರಿಸುತ್ತಾರೆ. ಪ್ರವಾಸದ ಜೀವಾಳ ಇದು. ಬಾಗಿಲಿನ ಮೇಲೆ ಒಂದು ಸಣ್ಣ ಬೆಳಕಿಂಡಿ ಇದೆ. ಒಳದಾರಿಯ ನೆಲ ಬಾಗಿಲಿನಿಂದ ಕೋಣೆಗೆ ಬರುವಷ್ಟರಲ್ಲಿ ಸುಮಾರು 2 ಮೀಟರ್ ಏರುತ್ತದೆ. ಹಾಗಾಗಿ ಕೋಣೆಯ ನೆಲ, ಬೆಳಕಿಂಡಿ ಎರಡೂ ಹೆಚ್ಚುಕಡಿಮೆ ಒಂದೇ ಮಟ್ಟ. ಬಾಗಿಲಿನಿಂದ ಬರುವ ಬಿಸಿಲು ಅರ್ಧ ದಾರಿಯಲ್ಲೇ ನಿಲ್ಲುತ್ತದೆ, ಕಿಂಡಿಯಿಂದ ಬರುವುದು ಮಾತ್ರ ಕೋಣೆ ಮುಟ್ಟುತ್ತದೆ. ಡಿಸೆಂಬರ್ 21ರ ಆಸುಪಾಸಿನ ಕೆಲವು ದಿನ, ಬೆಳಿಗ್ಗೆ 8:58ರ ಸುಮಾರಿಗೆ, 17 ನಿಮಿಷ. ಉಳಿದ ದಿನಗಳಲ್ಲಿ ಇದನ್ನು ವಿದ್ಯುದ್ದೀಪದಿಂದ ಮಾಡಿ ತೋರಿಸುತ್ತಾರೆ. ಕೃತಕ ಎಂದು ಮೂಗು ಮುರಿಯಬೇಡಿ. ಪೂರ್ತಿ ಕತ್ತಲೆಯಲ್ಲಿ ಒಂದು ಎಳೆಯಷ್ಟು ಬೆಳಕು ನೆಲದ ಮೇಲೆ ತೆವಳಿ ಬಂದು ಅಗಲವಾಗುವುದನ್ನು ಕಂಡಾಗ ಆ ಇಳಿಜಾರಿನ ಲೆಕ್ಕ ಒಮ್ಮೆಗೇ ಅರ್ಥವಾಗುತ್ತದೆ. ಬೆಳಕನ್ನು ನೆಲದ ಮೇಲೆ ನೋಡಿ, ಕಿಂಡಿಯ ಕಡೆಗಲ್ಲ. ದೀಪ ಕಣ್ಣಿಗೆ ಬಿದ್ದರೆ ಕತ್ತಲೆಗೆ ಹೊಂದಿಕೊಂಡ ದೃಷ್ಟಿ ಹೋಗಿಬಿಡುತ್ತದೆ. ಒಂದೇ ಕೊರತೆ ಹೊತ್ತಿನದು. ಕಣ್ಣು ಪಳಗುವಷ್ಟರಲ್ಲಿ ಹೊರಡುವ ಸಮಯ ಬಂದಿರುತ್ತದೆ.

ನಿಜವಾದ ಸೂರ್ಯನನ್ನು ಅಲ್ಲಿ ಮೊದಲು ಕಂಡು ದಾಖಲಿಸಿದವರು 1962ರಿಂದ 1975ರವರೆಗೆ ಉತ್ಖನನ ನಡೆಸಿದ ಪ್ರಾಧ್ಯಾಪಕ ಮೈಕೆಲ್ ಓ’ಕೆಲಿ, 1967ರ ಡಿಸೆಂಬರ್ 21ರಂದು. ಈಗ ಆ ಬೆಳಗುಗಳಿಗೆ ಪ್ರತಿವರ್ಷ ಲಾಟರಿ ಎತ್ತುತ್ತಾರೆ. ಅರ್ಜಿ ಸಾವಿರಗಟ್ಟಲೆ, ಜಾಗ ಬೆರಳೆಣಿಕೆಯಷ್ಟು. ಗೆದ್ದರೂ ಮೋಡ ಕವಿದರೆ ಏನೂ ಕಾಣುವುದಿಲ್ಲ, ಐರ್ಲೆಂಡಿನ ಡಿಸೆಂಬರಿನಲ್ಲಿ ಅದು ಸಾಮಾನ್ಯ. ಬರೀ ಇದಕ್ಕೆಂದೇ ವಿಮಾನ ಹತ್ತುವುದು ಬೇಡ. ನಮ್ಮವರಲ್ಲಿ ಒಂದು ಗೊಂದಲವೂ ಇದೆ: ಉತ್ತರಾಯಣ ಎಂದೊಡನೆ ಜನವರಿ 14ರ ಸಂಕ್ರಾಂತಿ ನೆನಪಾಗುತ್ತದೆ. ಪಂಚಾಂಗದ ಮಕರ ಸಂಕ್ರಮಣ ನಕ್ಷತ್ರರಾಶಿಯನ್ನು ಹಿಡಿದ ಲೆಕ್ಕ, ಅದು ನಿಜವಾದ ಅಯನದಿಂದ ಮೂರು ವಾರಕ್ಕೂ ಹೆಚ್ಚು ಸರಿದು ಹೋಗಿದೆ. ಬೆಂಗಳೂರಿನ ಗವಿಗಂಗಾಧರೇಶ್ವರದಲ್ಲಿ ಸಂಕ್ರಾಂತಿಯ ಸಂಜೆ ಕಾಣುವುದಕ್ಕೂ ನ್ಯೂಗ್ರೇಂಜಿನ ಬೆಳಗಿಗೂ ದಿನ ಹೊಂದುವುದಿಲ್ಲ. ಇಲ್ಲಿ ಡಿಸೆಂಬರ್ ಮೂರನೇ ವಾರವೇ ಲೆಕ್ಕ. ಭೂಮಿಯ ವಾಲಿಕೆ ತುಸು ಬದಲಾಗಿರುವುದರಿಂದ ಬೆಳಕು ಈಗ ಸೂರ್ಯೋದಯದ ಸುಮಾರು 4 ನಿಮಿಷದ ನಂತರ ಒಳಗೆ ಬರುತ್ತದೆ. ಕಟ್ಟಿದ ಕಾಲಕ್ಕೆ ಸೂರ್ಯ ಹುಟ್ಟುತ್ತಿದ್ದಂತೆಯೇ ಬರುತ್ತಿತ್ತು.

ಹೊರಗೆ ಬಂದಮೇಲೆ ಮುಂಭಾಗದ ಬಿಳಿಗೋಡೆಯನ್ನು ಅನುಮಾನದಿಂದ ನೋಡಿ. ಬಿಳಿ ಬೆಣಚುಕಲ್ಲು ದಕ್ಷಿಣದ ವಿಕ್ಲೋ ಬೆಟ್ಟಗಳಿಂದ ಬಂದದ್ದು ನಿಜ, 5,000 ವರ್ಷ ಹಿಂದೆ ಅಷ್ಟು ದೂರದಿಂದ ತಂದದ್ದೂ ನಿಜ. ಆದರೆ ಹೀಗೆ ನೆಟ್ಟಗೆ ನಿಂತ ಗೋಡೆಯಾಗಿತ್ತೇ? ಉತ್ಖನನದಲ್ಲಿ ಆ ಕಲ್ಲುಗಳು ಸಿಕ್ಕಿದ್ದು ದಿಬ್ಬದ ಮುಂದೆ ನೆಲದ ಮೇಲೆ ಹರಡಿಕೊಂಡು. ಅವು ಕುಸಿದ ಗೋಡೆ ಎಂದು ಓ’ಕೆಲಿ ತೀರ್ಮಾನಿಸಿದರು, ಹಿಂದೆ ಕಾಂಕ್ರೀಟಿನ ಆಸರೆ ಕೊಟ್ಟು ನಿಲ್ಲಿಸಲಾಯಿತು. ಬಾಗಿಲಿನ ಇಕ್ಕೆಲದ ಕಪ್ಪುಕಲ್ಲಿನ ಬಾಗುಗೋಡೆಯಂತೂ ಪೂರ್ತಿ ಹೊಸದು, ಜನ ಓಡಾಡಲು ಜಾಗ ಬೇಕೆಂದು ಮಾಡಿದ್ದು. ನೌತ್‌ನಲ್ಲಿ ಇದೇ ಬಗೆಯ ಬೆಣಚುಕಲ್ಲು ಇದೇ ಥರ ಹರಡಿಕೊಂಡು ಸಿಕ್ಕಿತು. ಅಲ್ಲಿ ಉತ್ಖನನ ನಡೆಸಿದ ಜಾರ್ಜ್ ಓಗನ್ ಅದನ್ನು ಬಾಗಿಲಿನ ಮುಂದೆ ಹಾಸಿದ ಅಂಗಳ ಎಂದು ತಿಳಿದು ನೆಲದ ಮೇಲೇ ಬಿಟ್ಟರು. ಒಂದೇ ಸಾಕ್ಷ್ಯ, ಎರಡು ಓದು, ಬಸ್ಸಿನಲ್ಲಿ ಕೆಲವೇ ನಿಮಿಷಗಳ ಅಂತರ. ಎರಡೂ ದಿಬ್ಬಗಳನ್ನು ಒಂದೇ ದಿನ ನೋಡಬೇಕೆನ್ನಲು ಇದಿಷ್ಟೇ ಸಾಕು. ನಮ್ಮ ಮಟ್ಟಿಗೆ ನೌತ್‌ನ ದಾರಿಯೇ ಪ್ರಾಮಾಣಿಕವಾದದ್ದು.

ನೌತ್‌ನಲ್ಲಿ ಒಳಗೆ ಹೋಗಲಾಗುವುದಿಲ್ಲ. ಎದುರುಬದುರಾಗಿ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಉದ್ದನೆಯ ಒಳದಾರಿಗಳಿವೆ, ಎರಡೂ ನ್ಯೂಗ್ರೇಂಜಿನದಕ್ಕಿಂತ ಉದ್ದ. ಒಂದು ಸಣ್ಣ ಕೋಣೆಯಿಂದ ಪೂರ್ವದ ದಾರಿಯೊಳಕ್ಕೆ ಇಣುಕಬಹುದು, ಅಷ್ಟೇ. ಆದರೆ ಕೆತ್ತನೆ! ಪಶ್ಚಿಮ ಯುರೋಪಿನ ಬೃಹತ್ ಶಿಲಾಕಲೆಯಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಈ ಒಂದು ದಿಬ್ಬದಲ್ಲೇ ಇದೆ. ಚಂದ್ರನ ಕಲೆಗಳಂತೆ ಕಾಣುವ ಅರ್ಧವೃತ್ತಗಳು, ಕಿರಣಗಳು, ಅಲೆಗೆರೆಗಳು; ಸುತ್ತುಗಲ್ಲುಗಳ ಮುಂದೆ ನಿಧಾನವಾಗಿ ನಡೆಯಿರಿ. ಮೋಡ ಮುಸುಕಿದ್ದರೆ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ, ಆಗ ಎದುರು ನಿಲ್ಲದೆ ಕಲ್ಲಿನ ಪಕ್ಕಕ್ಕೆ ಬಂದು ಓರೆಯಾಗಿ ನೋಡಿದರೆ ಗೀರು ಎದ್ದು ಕಾಣುತ್ತದೆ. 1982ರಲ್ಲಿ ಪೂರ್ವದ ಕೋಣೆಯಲ್ಲಿ ಸಿಕ್ಕ ಚಕಮಕಿ ಕಲ್ಲಿನ ಗದೆತಲೆ ಇಲ್ಲಿಲ್ಲ, ಡಬ್ಲಿನ್‌ನ ಕಿಲ್ಡೇರ್ ಬೀದಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಮೈತುಂಬ ಸುರುಳಿ. ಅಲ್ಲಿಗೆ ಪ್ರವೇಶ ಉಚಿತ.

ಪ್ರದರ್ಶನ, ಎರಡು ದಿಬ್ಬ ಎಲ್ಲ ಸೇರಿ ಮೂರು ಗಂಟೆಯ ಮೇಲೇ ಹಿಡಿಯುತ್ತದೆ. ಬಯಲು ಜಾಗ, ಗಾಳಿ ಜೋರು, ದಿಬ್ಬಗಳ ಹತ್ತಿರ ಆಸರೆ ಕಡಿಮೆ. ಜುಲೈಯಲ್ಲೂ ಮಳೆಕೋಟು ಬೇಕು. ಕೊಡೆ ಗಾಳಿಗೆ ಉಲ್ಟಾ ಆಗುತ್ತದೆ.

ಮಿಕ್ಕ ಅರ್ಧ ದಿನಕ್ಕೆ ಟಿಕೆಟ್ ಬೇಡ. ಡೌತ್ ದಿಬ್ಬವನ್ನು 1847ರಲ್ಲಿ ಅಗೆದವರು ನೆತ್ತಿಯಲ್ಲಿ ದೊಡ್ಡ ಗುಂಡಿ ಬಿಟ್ಟು ಹೋದರು. ರಿಪೇರಿ ಕಾಣದ ದಿಬ್ಬ ಹೇಗಿರುತ್ತದೆ ಎಂದು ತಿಳಿಯಲು ಹತ್ತು ನಿಮಿಷ ನಿಂತರೂ ಸಾಕು. ಹಳೆಯ ರಾಜರ ನೆಲೆಯಾದ ಟಾರಾ ಗುಡ್ಡಕ್ಕೆ ಹೋದವರಲ್ಲಿ ಅನೇಕರು ‘ಬರೀ ಹುಲ್ಲು’ ಎಂದು ಬೇಸರಪಟ್ಟು ಬರುತ್ತಾರೆ. ಅಲ್ಲಿನ ದಿಣ್ಣೆ, ಹಳ್ಳಗಳ ಆಕಾರ ತಿಳಿಯುವುದು ಮೇಲಿನಿಂದ, ಆದ್ದರಿಂದ ವಿಮಾನದಿಂದ ತೆಗೆದ ಚಿತ್ರವೊಂದನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಿ. ಅಲ್ಲಿನ ‘ಒತ್ತೆಯಾಳುಗಳ ದಿಬ್ಬ’ ನ್ಯೂಗ್ರೇಂಜಿನ ಕಾಲದ್ದೇ, ಗೇಟಿನ ಸಂದಿನಿಂದ ಕೆತ್ತಿದ ಕಲ್ಲು ಕಾಣುತ್ತದೆ. ರಾಜರಿಗೆ ಪಟ್ಟ ಕಟ್ಟುತ್ತಿದ್ದರೆಂಬ ಲೀಯಾ ಫಾಲ್ ಕಲ್ಲು ಈಗಿರುವುದು ಮೂಲ ಜಾಗದಲ್ಲಲ್ಲ. 1798ರ ದಂಗೆಯಲ್ಲಿ ಸತ್ತವರ ನೆನಪಿಗೆಂದು ಸರಿಸಿದ್ದು. ಎದುರಿಗೆ ಸ್ಲೇನ್ ಗುಡ್ಡ: 433ರಲ್ಲಿ ಸಂತ ಪ್ಯಾಟ್ರಿಕ್ ಟಾರಾದ ರಾಜನ ಆಜ್ಞೆ ಮೀರಿ ಈಸ್ಟರ್ ಬೆಂಕಿ ಹೊತ್ತಿಸಿದ್ದು ಅಲ್ಲೇ ಎಂಬುದು ಐತಿಹ್ಯ. ಒಂದೇ ದಿನದಲ್ಲಿ ಎಲ್ಲವನ್ನೂ ತುರುಕಲು ಹೋಗಬೇಡಿ. ಒಂದನ್ನೇ ಆರಿಸಬೇಕಾದರೆ ಮೊನಾಸ್ಟರ್‌ಬಾಯ್ಸ್.

ಅದು ಡ್ರಾಹೆಡಾದ ಉತ್ತರಕ್ಕೆ, ಎಂ1 ಹೆದ್ದಾರಿಯ ಪಕ್ಕದಲ್ಲೇ. ಸಂತ ಬುತೆ ಸ್ಥಾಪಿಸಿದ ಮಠ, ಆತ ತೀರಿಕೊಂಡದ್ದು ಸುಮಾರು 521ರಲ್ಲಿ. ಈಗ ಉಳಿದಿರುವುದು ಸ್ಮಶಾನದ ನಡುವೆ ಎರಡು ಪಾಳು ಚರ್ಚು, ತುದಿ ಮುರಿದ ಒಂದು ದುಂಡುಗೋಪುರ, ಎತ್ತರದ ಶಿಲುಬೆಗಳು. ಗೋಪುರ 1097ರಲ್ಲಿ ಸುಟ್ಟಿತು, ಒಳಗಿದ್ದ ಪುಸ್ತಕಗಳೂ ಅದರೊಂದಿಗೆ ಹೋದವು. ಈಗಲೂ ಜನರನ್ನು ಹೂಳುತ್ತಿರುವ ಜಾಗ ಇದು. ಗೋರಿಗಳ ಮೇಲೆ ಕಾಲಿಡಬೇಡಿ, ದನಿ ಇಳಿಸಿ ಮಾತಾಡಿ.

ಗೇಟಿಗೆ ಹತ್ತಿರವಿರುವುದೇ ಮುರಿಡಾಕ್‌ನ ಶಿಲುಬೆ, 10ನೇ ಶತಮಾನದ ಆರಂಭದ್ದು, ಸುಮಾರು 5.5 ಮೀಟರ್ ಎತ್ತರದ ಮರಳುಗಲ್ಲು. ಹಿಂದಿರುವ ಪಶ್ಚಿಮದ ಶಿಲುಬೆ ಇನ್ನೂ ಎತ್ತರ, ಆದರೆ ಬಹಳ ಸವೆದಿದೆ; ಮೊದಲು ಮುರಿಡಾಕ್‌ನದನ್ನೇ ಓದಿ. ಪೂರ್ವಮುಖವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ತಳದ ಚೌಕದಲ್ಲಿ ಆದಾಮ ಹವ್ವರು ಹಣ್ಣಿನ ಭಾರಕ್ಕೆ ಬಾಗಿದ ಮರದ ಕೆಳಗೆ, ಅವರ ಪಕ್ಕದಲ್ಲೇ ಕಾಯಿನನು ಆಬೇಲನಿಗೆ ಹೊಡೆಯುತ್ತಿದ್ದಾನೆ. ಅದರ ಮೇಲೆ ದಾವೀದ ಗೊಲಿಯಾತ, ಆಮೇಲೆ ಬಂಡೆಗೆ ಹೊಡೆದು ನೀರು ತರಿಸುವ ಮೋಶೆ, ಆಮೇಲೆ ಮಗುವನ್ನು ಕಾಣಲು ಬಂದ ಜ್ಞಾನಿಗಳು. ತಲೆಯ ಚಕ್ರದಲ್ಲಿ ಕೊನೆಯ ತೀರ್ಪು: ಕ್ರಿಸ್ತನ ಒಂದು ಬದಿಗೆ ಉದ್ಧಾರವಾದವರು ಅವನ ಕಡೆ ಮುಖ ಮಾಡಿ ನಿಂತಿದ್ದಾರೆ, ಇನ್ನೊಂದು ಬದಿಗೆ ಸೈತಾನ ಮಿಕ್ಕವರನ್ನು ಅಟ್ಟಿಕೊಂಡು ಹೋಗುತ್ತಿದ್ದಾನೆ. ಕ್ರಿಸ್ತನ ಪಾದದ ಕೆಳಗೆ ತಕ್ಕಡಿ. ಆತ್ಮವನ್ನು ತೂಗುತ್ತಿದ್ದಾರೆ, ಕೆಳಗೆ ಅಂಗಾತ ಬಿದ್ದಿರುವ ಪಿಶಾಚಿ ತಟ್ಟೆಯನ್ನು ತನ್ನ ಕಡೆಗೆ ಎಳೆಯಲು ನೋಡುತ್ತಿದೆ. ಓದು ಬಾರದ ಜನರಿಗೆ ಕಥೆ ಹೇಳಲು ಇದಕ್ಕಿಂತ ಚೆನ್ನಾದ ಕಲ್ಲು ಆ ನಾಡಿನಲ್ಲಿ ಇಲ್ಲ.

ಬೆಳಕಿನ ವಿಷಯ ಮುಖ್ಯ. ಪೂರ್ವಮುಖಕ್ಕೆ ಬೆಳಗಿನ ಬಿಸಿಲು, ಶಿಲುಬೆಗೇರಿಸಿದ ದೃಶ್ಯವಿರುವ ಪಶ್ಚಿಮಮುಖಕ್ಕೆ ಮಧ್ಯಾಹ್ನ ಇಳಿದ ಮೇಲಿನ ಬಿಸಿಲು. ನ್ಯೂಗ್ರೇಂಜಿನ ಸಮಯ ಮಧ್ಯಾಹ್ನಕ್ಕೆ ಸಿಕ್ಕರೆ ಬೆಳಿಗ್ಗೆ ಮೊದಲು ಇಲ್ಲಿಗೆ ಬನ್ನಿ, ಬೆಳಿಗ್ಗೆ ಸಿಕ್ಕರೆ ಸಂಜೆ ಬನ್ನಿ. ನಡುಮಧ್ಯಾಹ್ನ ಎರಡೂ ಮುಖ ಅರೆಬರೆಯಾಗಿ ಕಾಣುತ್ತವೆ. ಐರ್ಲೆಂಡಿನ ಇನ್ನೊಂದು ಹಳೆಯ ಮಠ ಕ್ಲಾನ್‌ಮಕ್‌ನಾಯ್ಸ್‌ನಲ್ಲಿ ಮೂಲ ಶಿಲುಬೆಗಳನ್ನು ಕಟ್ಟಡದೊಳಗೆ ಇಟ್ಟು ಹೊರಗೆ ಪ್ರತಿಕೃತಿ ನಿಲ್ಲಿಸಿದ್ದಾರೆ. ಇಲ್ಲಿ ಮೂಲವೇ ಬಯಲಲ್ಲಿ, ಮಳೆಗಾಳಿಗೆ ಮೈಯೊಡ್ಡಿಕೊಂಡು ನಿಂತಿದೆ. ಮುಟ್ಟಬೇಡಿ, ಕಾಗದ ಇಟ್ಟು ಉಜ್ಜಿ ಅಚ್ಚು ತೆಗೆಯಬೇಡಿ. ಮರಳುಗಲ್ಲು ಪುಡಿಯಾಗಿ ಉದುರುತ್ತದೆ.

ಹೊರಡುವ ಮುನ್ನ ಪಶ್ಚಿಮಮುಖದ ಬುಡ ನೋಡಿ. ಎರಡು ಬೆಕ್ಕುಗಳು ಉಬ್ಬಾಗಿ ಕೂತಿವೆ, ಅವುಗಳ ಸುತ್ತ ಹಳೆಯ ಐರಿಷ್‌ನಲ್ಲಿ ಒಂದು ಸಾಲು: ಈ ಶಿಲುಬೆಯನ್ನು ಮಾಡಿಸಿದ ಮುರಿಡಾಕ್‌ಗಾಗಿ ಒಂದು ಪ್ರಾರ್ಥನೆ. ಅದು ನೆಲಮಟ್ಟಕ್ಕೆ ಹತ್ತಿರ ಇರುವುದರಿಂದ ಮಂಡಿಯೂರಿದರೆ ಮಾತ್ರ ಅಕ್ಷರ ಕಾಣುತ್ತವೆ. ಹುಲ್ಲು ಹೆಚ್ಚಾಗಿ ಒದ್ದೆಯಿರುತ್ತದೆ, ಕೆಳಗೆ ಹಾಸಲು ಒಂದು ಪ್ಲಾಸ್ಟಿಕ್ ಹಾಳೆ ಚೀಲದಲ್ಲಿರಲಿ.